ನೀರು ಬಾರದ ಬೋರ್‌ವೆಲ್‌ಗೆ ಕಡತವಿಲ್ಲ

2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗುವೊಂದು ಕೊಳವೆಬಾವಿಗೆ ತಲೆಕೆಳಗಾಗಿ ಬಿದ್ದು, ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಹೊರಬಂತು. ರಾಜ್ಯವೆಲ್ಲ ನಿಟ್ಟುಸಿರು ಬಿಟ್ಟಿತು. 2014ರಲ್ಲಿ ಬಾದಾಮಿ ತಾಲ್ಲೂಕಿನ ಸೂಳಿಕೇರಿಯ ಹುಡುಗನಿಗೆ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದ ಹುಡುಗಿಗೆ ಆ ಅದೃಷ್ಟ ಇರಲಿಲ್ಲ.

ಲಚ್ಯಾಣದ ಘಟನೆಯಾದ ಮೇಲೆ ವಿಧಾನಮಂಡಲ 2011ರ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದಿತು. ವಿಫಲವಾದ ಕೊಳವೆಬಾವಿಯನ್ನು ಮುಚ್ಚದೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಒಳ್ಳೆಯದೇ. ಆದರೆ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳಾಗಿ ನನಗೆ ಏಳುವ ಪ್ರಶ್ನೆ ಬೇರೆ. ಆ ಬೋರ್ ಮುಚ್ಚಿಲ್ಲ ಎಂಬುದು ಸರ್ಕಾರಕ್ಕೆ ಗೊತ್ತಾಗುವುದು ಹೇಗೆ?

ಇದರಲ್ಲೊಂದು ವಿಚಿತ್ರವಿದೆ. ನೀರು ಬಿದ್ದ ಬೋರ್‌ವೆಲ್ ತಾನಾಗಿಯೇ ಸರ್ಕಾರದ ಲೆಕ್ಕಕ್ಕೆ ಬರುತ್ತದೆ. ಮೋಟಾರಿಗೆ ಕರೆಂಟ್ ಬೇಕು, ಅದಕ್ಕೆ ಆರ್‌.ಆರ್. ನಂಬರ್ ಬೇಕು, ಅದಕ್ಕೆ ಪಹಣಿ, ಅರ್ಜಿ, ಓಡಾಟ. ನೀರು ಬೀಳದ ಬೋರ್‌ಗೆ ಇದು ಯಾವುದೂ ಬೇಡ. ನಿಯಮ ಏನೇ ಹೇಳಲಿ, ರೈತ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಅಂದರೆ ಯಾವುದು ಅಪಾಯಕಾರಿಯೋ ಅದಕ್ಕೇ ಕಾಗದವಿಲ್ಲ. ದಂಡ ಎಷ್ಟೇ ಏರಿಸಿದರೂ ಕಾಗದದಲ್ಲೇ ಇಲ್ಲದ ಬೋರ್‌ಗೆ ನೋಟಿಸ್ ಕೊಡುವುದು ಯಾರು, ಯಾರಿಗೆ?

ಫೇಲಾದ ಬೋರ್ ಬಾಯಿ ಹೇಗಿರುತ್ತದೆ ಎಂಬುದನ್ನು ನಗರದ ಸ್ನೇಹಿತರಿಗಾಗಿ ಹೇಳುತ್ತೇನೆ. ರಿಗ್ ಕೊರೆಯುವ ರಂಧ್ರ ಆರೂವರೆ ಇಂಚಿನ ಆಸುಪಾಸಿನದು. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಅದಕ್ಕೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಅಡಿ ಲೆಕ್ಕದಲ್ಲಿ ಹಣ ಸುರಿದು, ಕೊನೆಗೆ ಬರೀ ಧೂಳು ಬಂದಾಗ ರೈತನಿಗೆ ವಾಪಸ್ ಸಿಗುವ ಏಕೈಕ ಆಸ್ತಿ ಆ ಪೈಪು. ಅದನ್ನು ಕಿತ್ತು ಮುಂದಿನ ಪಾಯಿಂಟ್‌ಗೆ ಇಟ್ಟುಕೊಳ್ಳುತ್ತಾನೆ. ಕಿತ್ತ ಮೇಲೆ ಬಾಯಿಯ ಮಣ್ಣು ಉದುರಿ, ರಂಧ್ರ ಆಲಿಕೆಯ ಹಾಗೆ ಅಗಲವಾಗುತ್ತದೆ. ಮೇಲೊಂದು ಗೊಬ್ಬರದ ಚೀಲ, ಚೀಲದ ಮೇಲೊಂದು ಕಲ್ಲು, ಸುತ್ತ ನಾಲ್ಕು ಜಾಲಿ ಮುಳ್ಳು. ಒಂದು ಮಳೆಗಾಲ ಕಳೆದರೆ ಚೀಲ ಕೊಳೆತು, ಸುತ್ತ ಹುಲ್ಲು ಬೆಳೆದು, ಅಲ್ಲೊಂದು ತೂತಿದೆ ಎಂಬುದು ಹೊಲದ ಮಾಲೀಕನಿಗೇ ಮರೆತುಹೋಗಿರುತ್ತದೆ. ಲಚ್ಯಾಣದ್ದು ಇನ್ನೂ ಭಯಂಕರ. ಅದು ಕೊರೆದು ಒಂದೆರಡು ದಿನವಷ್ಟೇ ಆಗಿದ್ದ ಬಾವಿ.

ಹಾಗಾಗಿ ಮುಚ್ಚಿಸಬೇಕಾದ ಗಳಿಗೆ ಒಂದೇ: ರಿಗ್ ಲಾರಿ ಇನ್ನೂ ಹೊಲದಲ್ಲಿ ನಿಂತಿರುವಾಗ. ಲಾರಿ ತಮಿಳುನಾಡಿನ ತಿರುಚೆಂಗೋಡಿನ ಕಡೆಯದಿರಬಹುದು, ಏಜೆಂಟ್ ತಾಲ್ಲೂಕು ಕೇಂದ್ರದವನಿರಬಹುದು. ಬೆಳಗಾಗುವುದರೊಳಗೆ ಅದು ಇನ್ನೊಂದು ಊರಿನಲ್ಲಿರುತ್ತದೆ. ಆಮೇಲೆ ಉಳಿಯುವುದು ಸಾಲ ಮಾಡಿಕೊಂಡ ರೈತ ಮತ್ತು ತೆರೆದ ಬಾಯಿ.

ಸುಪ್ರೀಂ ಕೋರ್ಟ್ ಇದನ್ನೆಲ್ಲ 2010ರಲ್ಲೇ ಯೋಚಿಸಿತ್ತು. ಕೊರೆಯುವ 15 ದಿನ ಮೊದಲು ಲಿಖಿತವಾಗಿ ತಿಳಿಸಬೇಕು, ರಿಗ್ ಸಂಸ್ಥೆ ನೋಂದಣಿಯಾಗಿರಬೇಕು, ಕೆಲಸ ನಡೆಯುವಾಗ ಫಲಕ ಮತ್ತು ಬೇಲಿ ಇರಬೇಕು, ಕೇಸಿಂಗ್ ಸುತ್ತ ಅರ್ಧ ಮೀಟರ್ ಚೌಕದ ಸಿಮೆಂಟ್ ಕಟ್ಟೆ ಕಟ್ಟಬೇಕು, ಬಾಯಿಗೆ ಉಕ್ಕಿನ ಮುಚ್ಚಳ ಹಾಕಬೇಕು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಿಸಬೇಕು. ಗ್ರಾಮೀಣ ಭಾಗದಲ್ಲಿ ಇದರ ಮೇಲ್ವಿಚಾರಣೆ ಪಂಚಾಯಿತಿ ಮುಖ್ಯಸ್ಥರದು ಮತ್ತು ಕೃಷಿ ಇಲಾಖೆಯ ಅಧಿಕಾರಿಯದು ಎಂದೂ ಹೇಳಿತ್ತು. ನಾನು ಸದಸ್ಯೆಯಾಗಿದ್ದ ಅವಧಿಯಲ್ಲಿ ಈ ಮಾರ್ಗಸೂಚಿ ನಮ್ಮ ಒಂದು ಸಾಮಾನ್ಯ ಸಭೆಯಲ್ಲೂ ಚರ್ಚೆಗೆ ಬಂದದ್ದು ನನಗೆ ನೆನಪಿಲ್ಲ. ಬೀದಿದೀಪ, ಚರಂಡಿ, ನರೇಗಾ, ಕುಡಿಯುವ ನೀರು, ಮತ್ತೆ ಬೀದಿದೀಪ.

ಇದು ಸದಸ್ಯರ ಸೋಮಾರಿತನ ಎಂದು ಸುಲಭವಾಗಿ ಹೇಳಿಬಿಡಬಹುದು. ನಾನು ಒಪ್ಪುವುದಿಲ್ಲ. ಪಂಚಾಯಿತಿಯಲ್ಲಿ ಇರುವವರು ಯಾರು? ಒಬ್ಬ ಪಿಡಿಒ (ಕೆಲವೊಮ್ಮೆ ಎರಡು ಪಂಚಾಯಿತಿಗೆ ಒಬ್ಬರು), ಕಾರ್ಯದರ್ಶಿ, ಕರ ವಸೂಲಿಗಾರ, ನೀರುಗಂಟಿ. ರಾತ್ರಿ ಹತ್ತಕ್ಕೆ ಬಂದ ರಿಗ್ಗನ್ನು ತಡೆದು "ಕಾಗದ ತೋರಿಸಿ" ಎನ್ನಲು ನೀರುಗಂಟಿಗೆ ಯಾವ ಅಧಿಕಾರವಿದೆ? ಅಂತರ್ಜಲ ಕಚೇರಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಊರಿಗೆ ರಿಗ್ ಬಂದಿದೆ ಎಂದು ಮೊದಲು ತಿಳಿಯುವುದು ನೀರುಗಂಟಿಗೆ, ತಡೆಯುವ ಅಧಿಕಾರವಿರುವುದು ಮಾತ್ರ ಜಿಲ್ಲಾ ಕೇಂದ್ರದವರಿಗೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗಾಗಿ ಪಟ್ಟಿ ಮಾಡಿದ 29 ವಿಷಯಗಳಲ್ಲಿ ನೀರಿನ ನಿರ್ವಹಣೆಯೂ ಇದೆ. ಪಟ್ಟಿಯಲ್ಲಿದ್ದರೆ ಸಾಕೇ? ಹೊಣೆ ಕೊಡುವಾಗ ನಮ್ಮ ಸರ್ಕಾರಗಳು ಧಾರಾಳಿಗಳು, ಹಣ ಮತ್ತು ಅಧಿಕಾರ ಕೊಡುವಾಗ ಮಾತ್ರ ಜಿಪುಣರು.

ಹಾಗಂತ ಎಲ್ಲವನ್ನೂ ಪಂಚಾಯಿತಿಗೆ ಬಿಟ್ಟರೆ ಸರಿಹೋಗುತ್ತದೆ ಎಂಬ ಭ್ರಮೆಯೂ ನನಗಿಲ್ಲ. ತಮಿಳುನಾಡು 2015ರಲ್ಲೇ ಪಂಚಾಯಿತಿ ಕಾಯ್ದೆಯಡಿ ಬಾವಿ ಕೊರೆಯುವ ಅನುಮತಿ ಮತ್ತು ಸುರಕ್ಷತೆಗಾಗಿ ಪ್ರತ್ಯೇಕ ನಿಯಮ ಮಾಡಿತು. ಆದರೂ 2019ರ ಅಕ್ಟೋಬರ್‌ನಲ್ಲಿ ತಿರುಚಿರಾಪಳ್ಳಿ ಜಿಲ್ಲೆಯ ನಡುಕಾಟ್ಟುಪಟ್ಟಿಯಲ್ಲಿ ಎರಡು ವರ್ಷದ ಮಗು ಕೊಳವೆಬಾವಿಗೆ ಬಿದ್ದು ತೀರಿಹೋಯಿತು. ದಿನಗಟ್ಟಲೆ ದೇಶವೇ ಟಿ.ವಿ. ಮುಂದೆ ಕುಳಿತಿತ್ತು. ಹಳೆಯ ಬಾವಿಗಳನ್ನು ಹುಡುಕಿ ಮುಚ್ಚದೆ ಹೊಸದಕ್ಕಷ್ಟೇ ಅನುಮತಿ ಕೇಳಿದರೆ ಪ್ರಯೋಜನ ಕಡಿಮೆ. ಹುಡುಕುವುದಕ್ಕೆ ಊರಿನವರೇ ಬೇಕು. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಫೇಲಾಗಿವೆ ಎಂಬುದು ನೀರುಗಂಟಿಗೂ ಕುರಿ ಕಾಯುವವರಿಗೂ ಗೊತ್ತಿರುವಷ್ಟು ಉಪಗ್ರಹಕ್ಕೆ ಗೊತ್ತಿರುವುದಿಲ್ಲ.

ಇನ್ನೊಂದು ಮಾತು ಯಾರೂ ಎತ್ತುವುದಿಲ್ಲ. ಬೋರ್ ಕೊರೆಸುವವರಲ್ಲಿ ಸರ್ಕಾರವೂ ಇದೆ. ಬಡ ರೈತರಿಗೆ ಬೋರ್ ಹಾಕಿಸಿಕೊಡುವ ಗಂಗಾ ಕಲ್ಯಾಣ ಯೋಜನೆಯಲ್ಲಿ ಸರ್ಕಾರದ ನಿಗಮಗಳು ಕೊರೆಸುತ್ತವೆ, ಕುಡಿಯುವ ನೀರಿಗೆ ಇಲಾಖೆ ಮತ್ತು ಪಂಚಾಯಿತಿಗಳು ಕೊರೆಸುತ್ತವೆ. ಅವೂ ಫೇಲಾಗುತ್ತವೆ. ಅಲ್ಲಿ ಜೈಲಿಗೆ ಹೋಗುವವರು ಯಾರು, ಫಲಾನುಭವಿಯೋ, ಗುತ್ತಿಗೆದಾರನೋ, ಸಹಿ ಹಾಕಿದ ಎಂಜಿನಿಯರೋ?

ನನ್ನ ಕೇಳಿಕೆ ಸಣ್ಣದು. ರಿಗ್ ಊರಿಗೆ ಬರುವ ಮೊದಲು ಅದರ ಮಾಲೀಕ ಪಂಚಾಯಿತಿಗೆ ಒಂದು ಮೆಸೇಜ್ ಕಳಿಸಿ ಆ ಬೋರ್‌ಗೊಂದು ನಂಬರ್ ಪಡೆಯಲಿ. ಮುಚ್ಚಳ ಮತ್ತು ಬೋಲ್ಟು ಲಾರಿಯಲ್ಲೇ ಬರಲಿ, ಅದರ ಬೆಲೆ ಅಡಿ ರೇಟಿನಲ್ಲೇ ಸೇರಿರಲಿ. ಮುಚ್ಚಿದ ಫೋಟೊ ಆ ನಂಬರಿಗೆ ಬೀಳುವವರೆಗೆ ಆ ರಿಗ್ಗಿಗೆ ಮುಂದಿನ ಊರಿನ ನಂಬರ್ ಸಿಗದಿರಲಿ. ರಿಗ್ ಮಾಲೀಕನಿಗೆ ಕೋರ್ಟಿನ ದಂಡಕ್ಕಿಂತ ಒಂದು ದಿನ ಲಾರಿ ನಿಂತರೆ ಆಗುವ ನಷ್ಟದ ಭಯ ಹೆಚ್ಚು. ರೈತ ಕೇಸಿಂಗ್ ಕೀಳದೆ ಬಿಟ್ಟರೆ ಆ ಪೈಪಿನ ಹಣದಲ್ಲಿ ಒಂದು ಪಾಲನ್ನು ಸರ್ಕಾರ ಕೊಡಲಿ. ಮಳೆನೀರು ಇಂಗಿಸುವುದಕ್ಕೆ ಆ ಬಾವಿ ಒದಗುವುದಾದರೆ ಸುತ್ತ ಗುಂಡಿ ತೆಗೆದು ಕಲ್ಲು, ಜಲ್ಲಿ, ಮರಳು ತುಂಬಿ, ಬಾಯಿ ಭದ್ರಮಾಡುವ ಕೆಲಸವನ್ನು ನರೇಗಾದಂತಹ ಯೋಜನೆಗೆ ಸೇರಿಸಲಿ. ಈಗ ಕೆಲವೆಡೆ ಇಂಥ ಬಾವಿಗೆ ಕಸ, ಕೊಳಚೆ ಬಿಡುವುದೂ ಉಂಟು. ಅದು ನೇರವಾಗಿ ಪಕ್ಕದವರು ಕುಡಿಯುವ ನೀರಿಗೆ ಹೋಗುತ್ತದೆ.

ನಿಮ್ಮೂರಿನಲ್ಲಿ ಮುಂದಿನ ಗ್ರಾಮಸಭೆ ನಡೆದಾಗ ಪಿಡಿಒ ಅವರನ್ನು ಒಂದೇ ಪ್ರಶ್ನೆ ಕೇಳಿ: ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಫೇಲಾದ ಬೋರ್‌ಗಳ ಪಟ್ಟಿ ಎಲ್ಲಿದೆ? ಇಲ್ಲವೆಂದರೆ ಪಟ್ಟಿ ಮಾಡಬೇಕೆಂಬ ಠರಾವನ್ನು ಅಲ್ಲೇ ಬರೆಸಿ, ಸಹಿ ಹಾಕಿ, ಪ್ರತಿ ಪಡೆದುಕೊಂಡೇ ಎದ್ದು ಬನ್ನಿ.