‘ತಡೀರಿ ಸರ್’ ಎಂಬ ಎಣಿಕೆ ಏಜೆಂಟು

ಗ್ರಾಮ ಪಂಚಾಯತಿ ಚುನಾವಣೆಯ ಎಣಿಕೆಗೆ ಅಭ್ಯರ್ಥಿಯ ಪರ ಏಜೆಂಟಾಗಿ ಬಾ ಎಂದು ಕರೆಯುವವರು ಹೇಳುವುದು ಒಂದೇ ಮಾತು: ‘ಎಂತ ಕೆಲ್ಸನೂ ಇಲ್ಲೆ ಮಾರಾಯಾ, ಸುಮ್ನೆ ಕುಂತ್ಕಂಡು ನೋಡದು ಅಷ್ಟೇಯ.’ ಹೀಗೆ ಹೇಳಿದವರಲ್ಲಿ ಒಬ್ಬರೂ ಅಲ್ಲಿ ಕುಂತವರಲ್ಲ. ಎಂಟನೇ ತರಗತಿ ಮಕ್ಕಳ ಬೆಂಚಿನ ಮೇಲೆ ಬೆಳಿಗ್ಗೆ ಎಂಟರಿಂದ ಕತ್ತಲಾಗುವ ತನಕ ಕುಂತ ಯಾರ ಸೊಂಟವೂ ಅಂಥ ಸುಳ್ಳು ಹೇಳಲು ಬಿಡುವುದಿಲ್ಲ.

ಟೀವಿಯಲ್ಲಿ ವಿಧಾನಸಭೆ ಎಣಿಕೆ ನೋಡಿದವರಿಗೆ ಇದೂ ಮಧ್ಯಾಹ್ನದೊಳಗೆ ಮುಗಿಯುವ ಬಾಬತ್ತು ಅನ್ನಿಸುತ್ತದೆ. ಅಲ್ಲಿ ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಇಲ್ಲಿ ಬರುವುದು ಕಾಗದ, ಅದೂ ನಾಲ್ಕು ಮಡಿಕೆಯದ್ದು. 2020ರ ಪಂಚಾಯತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆಯೊಂದು ಮತಯಂತ್ರ ಕಂಡಿತು, ಉಳಿದವರೆಲ್ಲ ಮತಪತ್ರಕ್ಕೇ ಸೀಲು ಒತ್ತಿದರು. ಡಿಸೆಂಬರ್ 22 ಮತ್ತು 27ಕ್ಕೆ ಎರಡು ಹಂತದಲ್ಲಿ ಮತದಾನ, 30ಕ್ಕೆ ತಾಲೂಕು ಕೇಂದ್ರಗಳಲ್ಲಿ ಎಣಿಕೆ. ಆ ಹೊತ್ತಿಗೆ ಘಟ್ಟದ ಮೇಲೆ ಶಿರಸಿಯಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು. ಘಟ್ಟದ ಕೆಳಗೆ ಕುಮಟಾ, ಕಾರವಾರದಲ್ಲಿ ಹತ್ತು ಗಂಟೆಗೇ ಬೆವರು. ಹಾಗಂತ ಫ್ಯಾನ್ ಹಾಕುವಂತಿಲ್ಲ. ಹಾಕಿದರೆ ಮತದಾರರ ತೀರ್ಪು ಹಾರಿ ಹೋಗಿ ಇನ್ನೊಂದು ವಾರ್ಡಿನ ಟೇಬಲ್ ಮೇಲೆ ಕೂರುತ್ತದೆ.

ಒಳಗೆ ಹೋಗಲು ಅಭ್ಯರ್ಥಿ ಸಹಿ ಮಾಡಿದ ನೇಮಕದ ಫಾರ್ಮು, ಫೋಟೋ ಅಂಟಿಸಿದ ಪಾಸು ಬೇಕು. ಮೊಬೈಲು ಹೊರಗೆ. ಬೀಡಿ, ಬೆಂಕಿಪೊಟ್ಟಣ, ಗುಟ್ಕಾ ಹೊರಗೆ. ಕೊನೆಗೆ ಪೊಲೀಸಿನವನ ಕೈ ಕವಳದ, ಅಂದರೆ ಎಲೆ-ಅಡಿಕೆಯ, ಸಂಚಿಗೆ ಬರುತ್ತದೆ. ನಮ್ಮ ಕಡೆಯ ಪ್ರಜಾಪ್ರಭುತ್ವಕ್ಕೆ ನಿಜವಾದ ಪೆಟ್ಟು ಬೀಳುವುದು ಈ ಬಾಗಿಲಲ್ಲಿ. ಗಂಟೆಗೊಂದು ಕವಳ ಹಾಕುವ ಮನುಷ್ಯನನ್ನು ಖಾಲಿ ಬಾಯಲ್ಲಿ ಇಡೀ ದಿನ ಕೂರಿಸಿದರೆ ಆ ಬಾಯಿಗೆ ಏನಾದರೂ ಕೆಲಸ ಬೇಕಲ್ಲ? ಅದು ಕಂಡುಕೊಳ್ಳುವ ಕೆಲಸವೇ ‘ತಡೀರಿ ಸರ್’.

ಈ ‘ತಡೀರಿ ಸರ್’ ಪ್ರತಿ ಟೇಬಲ್ಲಿಗೂ ಒಬ್ಬ ಇದ್ದೇ ಇರುತ್ತಾನೆ. ಮತಪೆಟ್ಟಿಗೆ ತಂದಿಟ್ಟ ಕೂಡಲೇ ಮೊದಲ ತಡೀರಿ. ಅರಗಿನ ಸೀಲು ನೋಡಬೇಕು, ಪೇಪರ್ ಸೀಲಿನ ನಂಬರ್ ತಾಳೆ ಹಾಕಬೇಕು ಅನ್ನುತ್ತಾನೆ. ನ್ಯಾಯವೇ. ಆದರೆ ಮತದಾನದ ದಿನ ಬೂತಿನಲ್ಲಿ ಬರೆದುಕೊಂಡ ನಂಬರಿನ ಚೀಟಿ ಇದ್ದರೆ ತಾನೇ ತಾಳೆ ಹಾಕುವುದು? ಅದು ಬೂತ್ ಏಜೆಂಟನ ಅಂಗಿಯ ಕಿಸೆಯಲ್ಲಿತ್ತು, ಅಂಗಿ ಒಗೆದಾಗಿದೆ. ಎಣಿಕೆಗೆ ಹೋಗುವವರು ಹಿಂದಿನ ರಾತ್ರಿ ಹೊಂದಿಸಿಕೊಳ್ಳಬೇಕಾದ್ದು ಈ ನಂಬರು ಮತ್ತು ಮತಪತ್ರದ ಲೆಕ್ಕದ ಪ್ರತಿ. ಎಷ್ಟು ಮತಪತ್ರ ಕೊಟ್ಟರು, ಎಷ್ಟು ಪೆಟ್ಟಿಗೆಗೆ ಬಿತ್ತು ಎಂಬ ಈ ಹಾಳೆ ಕೈಯಲ್ಲಿಲ್ಲದೆ ತಡೀರಿ ಅನ್ನುವುದು ಬರೀ ಗಂಟಲಿನ ವ್ಯಾಯಾಮ.

ಪೆಟ್ಟಿಗೆ ಸುರುವಿದ ಮೇಲೆ ಮಡಿಕೆ ಬಿಡಿಸಿ, ಒಟ್ಟು ಎಣಿಸಿ, ಕಟ್ಟು ಕಟ್ಟುತ್ತಾರೆ. ಆಮೇಲಿನದು ಜನಕ್ಕೆ ಅರ್ಥವೇ ಆಗದ ಭಾಗ. ಪಂಚಾಯತಿ ವಾರ್ಡಿಗೆ ಹೆಚ್ಚಿನ ಕಡೆ ಒಂದಕ್ಕಿಂತ ಹೆಚ್ಚು ಸ್ಥಾನ. ಮೂರು ಸ್ಥಾನವಿದ್ದರೆ ಒಬ್ಬ ಮತದಾರ ಒಂದೇ ಪತ್ರದಲ್ಲಿ ಮೂರು ಜನರಿಗೆ ಒತ್ತಬಹುದು. ಎರಡೇ ಒತ್ತಿದರೂ ನಡೆಯುತ್ತದೆ, ನಾಲ್ಕು ಒತ್ತಿದರೆ ಪತ್ರವೇ ಅಸಿಂಧು. ಹೀಗಾಗಿ ಇವನ ಗುಡ್ಡೆ ಇಲ್ಲಿ, ಅವನ ಗುಡ್ಡೆ ಅಲ್ಲಿ ಎಂದು ವಿಂಗಡಿಸಿ ಮುಗಿಸುವ ಹಾಗಿಲ್ಲ. ಮೂರು ಗುರುತಿನ ಪತ್ರವನ್ನು ಯಾರ ಗುಡ್ಡೆಗೆ ಹಾಕುತ್ತೀರಿ? ಒಂದೊಂದೇ ಎತ್ತಿ, ಏಜೆಂಟರ ಕಡೆ ತಿರುಗಿಸಿ, ಕೂಗಿ, ಹಾಳೆಯಲ್ಲಿ ಗೆರೆ ಎಳೆಯಬೇಕು. ನಾಲ್ಕು ಉದ್ದ ಗೆರೆ, ಐದನೆಯದು ಅಡ್ಡ. ಪಕ್ಷದ ಚಿಹ್ನೆ ಇಲ್ಲಿ ಇಲ್ಲ, ಆಯೋಗ ಕೊಟ್ಟ ಮುಕ್ತ ಚಿಹ್ನೆ ಮಾತ್ರ. ‘ಕುಕ್ಕರ್ ಒಂದು, ಗ್ಯಾಸ್ ಸಿಲಿಂಡರ್ ಒಂದು, ಆಟೋ ಒಂದು’ ಎಂದು ಕೂಗುತ್ತಿದ್ದರೆ ಮದುವೆ ಮನೆಯಲ್ಲಿ ಉಡುಗೊರೆ ಓದಿಸಿದ ಹಾಗೇ ಕೇಳುತ್ತದೆ.

ಏಜೆಂಟು ನೋಡಬೇಕಾದ್ದು ಕೂಗುವವರ ಬಾಯನ್ನಲ್ಲ, ಗೆರೆ ಎಳೆಯುವವರ ಪೆನ್ನನ್ನು. ಊಟ ಆದ ಮೇಲಿನ ಹೊತ್ತಲ್ಲಿ ‘ಕುಕ್ಕರ್’ ಎಂದು ಕೇಳಿದ ಕೈ ಸಿಲಿಂಡರಿನ ಸಾಲಿಗೆ ಹೋಗುವುದು ಮೋಸಕ್ಕಲ್ಲ, ನಿದ್ದೆಗೆ. ಆದರೆ ನಮ್ಮ ತಡೀರಿ ಸರ್ ಪೆನ್ನು ನೋಡುವುದಿಲ್ಲ. ಅವನಿಗೆ ಬೇಕಾದ್ದು ಸೀಲು.

ಸೀಲಿನ ಕಥೆ ಹೀಗೆ. ಮತದಾರನಿಗೆ ಕೊಡುವುದು ಬಾಣದ ತುದಿಗಳಿರುವ ಅಡ್ಡಗೀಟಿನ ರಬ್ಬರ್ ಸ್ಟಾಂಪ್. ನಾಲ್ಕೂ ಬಾಣ ಒಂದೇ ದಿಕ್ಕಿಗೆ ತಿರುಗುತ್ತವೆ. ಇದು ಚಂದಕ್ಕೆ ಮಾಡಿದ್ದಲ್ಲ. ಶಾಯಿ ಒಣಗುವ ಮೊದಲೇ ಪತ್ರ ಮಡಚಿದರೆ ಎದುರು ಮಗ್ಗುಲಿಗೂ ಗುರುತು ಮೂಡುತ್ತದಲ್ಲ, ಆ ನಕಲಿನಲ್ಲಿ ಬಾಣಗಳು ಉಲ್ಟಾ ತಿರುಗಿರುತ್ತವೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಿ ಎಂದು ಬೂತಿನಲ್ಲಿ ಹೇಳುವುದೂ ಅದಕ್ಕೇ: ಅಂಟಿದರೂ ಅದೇ ಅಭ್ಯರ್ಥಿಯ ಸಾಲಿನಲ್ಲೇ ಅಂಟಲಿ ಎಂದು. ಗಡಿಬಿಡಿಯಲ್ಲಿ ಅಡ್ಡ ಮಡಚಿ ಹಾಕಿದವರ ಶಾಯಿ ಆಟೋದಿಂದ ಕುಕ್ಕರಿಗೆ ಹೋಗಿರುತ್ತದೆ.

ಅಂಥ ಪತ್ರ ಬಂತೆಂದರೆ ‘ತಡೀರಿ ಸರ್, ಎರಡು ಸೀಲು ಉಂಟು.’

ಸಿಬ್ಬಂದಿ ಬಾಣ ತೋರಿಸುತ್ತಾರೆ. ‘ತಡೀರಿ ಸರ್, ಯಾವ ಬಾಣ?’ ಅಧಿಕಾರಿ ಬಂದು ಪತ್ರ ಬೆಳಕಿಗೆ ಹಿಡಿದು, ಇದು ಉಲ್ಟಾ, ಇದು ಸೀದಾ ಎನ್ನುತ್ತಾರೆ. ಅವನು ಕನ್ನಡಕ ತೆಗೆದು ಒರೆಸುತ್ತಾನೆ. ಮತ್ತೆ ಹಾಕುತ್ತಾನೆ. ಪತ್ರ ಮುಟ್ಟಲು ಕೈ ಚಾಚುತ್ತಾನೆ. ಏಜೆಂಟರು ನೋಡಬಹುದು, ಮುಟ್ಟುವಂತಿಲ್ಲ. ಕೈ ಹಿಂದೆ ತೆಗೆದು, ಕುತ್ತಿಗೆ ಉದ್ದ ಮಾಡಿ, ತನ್ನ ತಲೆಯನ್ನೇ ಉಲ್ಟಾ ತಿರುಗಿಸಿ ನೋಡುತ್ತಾನೆ. ಈಗ ಅವನಿಗೆ ಎರಡೂ ಸೀದಾ ಕಾಣುತ್ತವೆ. ‘ತಡೀರಿ ಸರ್!’ ಅಷ್ಟರಲ್ಲಿ ಪಕ್ಕದ ಟೇಬಲ್ಲಿನವರು ಒಂದು ಕಟ್ಟು ಮುಗಿಸಿ ಚಾ ಕುಡಿದಾಗಿರುತ್ತದೆ. ಅವನು ಇಷ್ಟೆಲ್ಲ ಹೋರಾಡಿದ ಪತ್ರ ಅವನದೇ ಅಭ್ಯರ್ಥಿಗೆ ಬಿದ್ದದ್ದು ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಮಾತ್ರ, ‘ಹಾಂ, ಸಮ ಇದ್ದು, ಸಮ ಇದ್ದು’ ಎಂದು ಕೂರುತ್ತಾನೆ.

ನೂರಕ್ಕೊಂದು ಸಲ ಅವನು ಹೇಳಿದ್ದು ಸರಿ ಇರುತ್ತದೆ. ಅಸಲು ಕಿರಿಕಿರಿ ಅದೇ. ಒಂದು ಸಲ ಗೆದ್ದವನನ್ನು ಆಮೇಲೆ ಹಿಡಿಯುವವರಿಲ್ಲ.

ಅಡಿಕೆ ಸೀಮೆಯಲ್ಲಿ ಇನ್ನೊಂದು ತಕರಾರು ಉಂಟು. ಡಿಸೆಂಬರ್ ಅಂದರೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು, ರಾತ್ರಿಯಿಡೀ ಅಡಿಕೆ ಸುಲಿಯುವ ಕಾಲ. ಮತ ಹಾಕಲು ಬಂದವರ ಬೆರಳಲ್ಲೆಲ್ಲ ಚೊಗರಿನ ಕಲೆ, ಆ ಕಲೆ ಪತ್ರದ ಮೇಲೂ. ಮತದಾರನ ಗುರುತು ಹತ್ತುವಂಥ ಸಹಿ, ಬರಹ ಇದ್ದರೆ ಮತ ಅಸಿಂಧು ಎಂಬ ನಿಯಮ ಓದಿಕೊಂಡು ಬಂದ ನಮ್ಮವನು ಕಲೆಗೂ ‘ತಡೀರಿ’. ಸುಲಿದ ಕೈ ಯಾರದು ಎಂದು ಕಲೆ ನೋಡಿ ಪತ್ತೆ ಹಚ್ಚುವುದಾದರೆ ಇಡೀ ಸೀಮೆಯನ್ನೇ ಕರೆಸಬೇಕು. ಅಕಸ್ಮಾತ್ ಹತ್ತಿದ ಕೊಳೆಗೆ ಮತ ಹೋಗುವುದಿಲ್ಲ. ಸೀಲು ಹೆಸರಿನ ಮೇಲೋ ಚಿಹ್ನೆಯ ಮೇಲೋ ಬಿದ್ದರೂ ಹೋಗುವುದಿಲ್ಲ. ಯಾರಿಗೆ ಎಂದು ಸ್ಪಷ್ಟವಾಗದಂತೆ ಇಬ್ಬರ ನಡುವಿನ ಗೆರೆಯ ಮೇಲೆ ಒತ್ತಿದ್ದು, ಸೀಲು ಬಿಟ್ಟು ಪೆನ್ನಲ್ಲಿ ಗೀಚಿದ್ದು ಹೋಗುತ್ತದೆ.

ಪೆನ್ನಿನದು ಹೋಗುವಾಗ ಕೆಲವೊಮ್ಮೆ ಬೇಜಾರಾಗುತ್ತದೆ. ‘ನಮ್ಮ ಕೇರಿಗೆ ಕಾಲುಸಂಕ ಮಾಡಿಕೊಡಿ’ ಎಂದು ಪತ್ರದ ಅಂಚಿನಲ್ಲಿ ದುಂಡಗೆ ಬರೆದದ್ದು ಸಿಕ್ಕಿತೆನ್ನಿ. ಮಳೆಗಾಲದಲ್ಲಿ ಹಳ್ಳ ದಾಟಲಾಗದ ಮನೆಯದ್ದೇ ಇರಬೇಕು. ಐದು ವರ್ಷಕ್ಕೊಮ್ಮೆ ಸರ್ಕಾರ ತಾನಾಗಿ ಕೈಗೆ ಕೊಡುವ ಕಾಗದ ಅದೊಂದೇ, ಅದರಲ್ಲೇ ಬರೆದುಬಿಟ್ಟರು. ಬರೆದದ್ದಕ್ಕೇ ಮತ ಅಸಿಂಧು. ಆ ಪತ್ರಕ್ಕೆ ಮಾತ್ರ ತಡೀರಿ ಅನ್ನುವವರು ಯಾರೂ ಇಲ್ಲ. ತಿರಸ್ಕೃತ ಕಟ್ಟಿಗೆ ಸೇರಿ, ಲಕೋಟೆಗೆ ಹೋಗಿ, ಅರಗು ಹಾಕಿಸಿಕೊಳ್ಳುತ್ತದೆ. ಗೆದ್ದವರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟಾಗಿ ಪಂಚಾಯತಿಯಲ್ಲಿ ಅಂತರ ಎಂದರೆ ಎರಡು, ಮೂರು, ಒಮ್ಮೊಮ್ಮೆ ಸೊನ್ನೆ. ಸಮ ಬಂದರೆ ಚೀಟಿ ಎತ್ತುತ್ತಾರೆ. ಸೋತವರಿಗೆ ಅನುಮಾನವಿದ್ದರೆ ಲೆಕ್ಕ ಹೇಳಿದ ಮೇಲೆ, ಫಲಿತಾಂಶ ಘೋಷಿಸುವುದರೊಳಗೆ ಮರು ಎಣಿಕೆಗೆ ಅರ್ಜಿ ಕೊಡಬೇಕು. ಅದೂ ಬರಹದಲ್ಲಿ, ಕಾರಣ ಸಹಿತ. ಬೆಳಿಗ್ಗೆಯಿಂದ ತಡೆದ ನಮ್ಮ ಮಹಾಶಯನ ಕೈಗೆ ಬಿಳಿ ಹಾಳೆ ಕೊಟ್ಟು ‘ಬರಿ ಮಾರಾಯಾ, ಎಲ್ಲಿ ತಪ್ಪಾತು ಹೇಳಿ ಬರಿ’ ಎಂದು ಅಭ್ಯರ್ಥಿ ಅಂಗಲಾಚುತ್ತಿದ್ದರೆ, ಅವನು ಆಗಲೇ ಬಾಗಿಲಲ್ಲಿ ನಿಂತು ಪೊಲೀಸಿನವನ ಹತ್ತಿರ ತನ್ನ ಸಂಚಿ ಕೇಳುತ್ತಿರುತ್ತಾನೆ. ಒಂದು ಎಲೆ, ಸುಣ್ಣ, ಅರ್ಧ ಹೋಳು ಅಡಿಕೆ ಬಾಯಿಗೆ ಬಿದ್ದ ಮೇಲೆ ಅವನಿಂದ ಉತ್ತರ ಬರುವುದು ‘ಉಂ... ಉಂ’ ಎಂದು, ಅದೂ ಹೊರಗೆ ಹೋಗಿ ಉಗುಳಿ ಬಂದ ಮೇಲೆ ಮಾತಾಡುತ್ತೇನೆ ಎಂಬ ಕೈಸನ್ನೆಯೊಂದಿಗೆ. ಅಧಿಕಾರಿ ಅಷ್ಟು ಹೊತ್ತು ತಡೆಯುವುದಿಲ್ಲ.