ಬೀಗದ ಕೈ ಇಲ್ಲದ ಬೀಗತನ

ನಮ್ಮ ಕೆರೆಯ ಗೇಟಿಗೆ ಒಂದು ಬೀಗ ಇದೆ. ಮುಷ್ಟಿ ಗಾತ್ರದ ಹಿತ್ತಾಳೆ ಬೀಗ. ಮಳೆ ನೀರು ಒಳಗೆ ಹೋಗದಿರಲಿ ಎಂದು ಯಾರೋ ಪುಣ್ಯಾತ್ಮರು ಅದಕ್ಕೆ ಹಾಲಿನ ಪ್ಯಾಕೆಟ್ಟಿನ ಟೋಪಿ ಬೇರೆ ಹಾಕಿದ್ದಾರೆ. ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ತಂತಿ ಬೇಲಿಯಲ್ಲಿ ಒಂದು ಕಂಡಿ ಇದೆ. ನಾಯಿ, ಮೇಕೆ, ವಾಕಿಂಗ್ ಬರುವ ಮೇಷ್ಟ್ರು, ಗಾಳ ಹಾಕುವವರು, ರಾತ್ರಿ ಬಾಟಲಿ ಹಿಡಿದು ಬರುವ ಹುಡುಗರು, ಎಲ್ಲರೂ ಆ ಕಂಡಿಯಲ್ಲೇ ನುಸುಳುತ್ತಾರೆ. ಗೇಟಿನ ಮುಂದೆ ಬೀಗ ನೋಡಿಕೊಂಡು ನಿಲ್ಲುವವರು ನಾವು ಮಾತ್ರ. ಯಾಕೆಂದರೆ ನಾವು ನೋಂದಾಯಿತ ಸಂಘ.

ನಾನು ಅದರ ಖಜಾಂಚಿ. ಖಜಾನೆಯಲ್ಲಿ ಹೆಚ್ಚೇನೂ ಇಲ್ಲದ ಕಾರಣ ಬಿಡುವು ಜಾಸ್ತಿ, ಬಿಡುವು ಜಾಸ್ತಿ ಇರುವ ಕಾರಣ ಕಚೇರಿ ಸುತ್ತುವ ಕೆಲಸವೂ ನನ್ನದೇ. ಯಾವ ಕೆರೆ, ಯಾವ ಕಚೇರಿ ಅಂತ ಮಾತ್ರ ಕೇಳಬೇಡಿ. ಸೋಮವಾರ ಮತ್ತೆ ಅದೇ ಮೆಟ್ಟಿಲು ಹತ್ತಬೇಕು.

ನಾವು ಕೇಳಿದ್ದು ಇಷ್ಟೇ. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಸೇರಿ ದಡಕ್ಕೆ ಬಂದ ಅಂತರಗಂಗೆ, ಪ್ಲಾಸ್ಟಿಕ್ಕು, ಹಬ್ಬ ಮುಗಿದ ಮೇಲೆ ತೇಲುವ ಗಣಪನ ಸೊಂಡಿಲು ಕಿರೀಟ ಎಲ್ಲ ಎಳೆದು ಹಾಕುತ್ತೇವೆ. ಅದನ್ನು ಆಚೆ ಸಾಗಿಸಲು ತಳ್ಳುಗಾಡಿ ಬೇಕು. ತಳ್ಳುಗಾಡಿ ಕಂಡಿಯಲ್ಲಿ ತೂರುವುದಿಲ್ಲ. ಹಾಗಾಗಿ ಗೇಟಿನದೊಂದು ಡೂಪ್ಲಿಕೇಟ್ ಕೀ ಕೊಡಿ ಸ್ವಾಮಿ ಅಂತ ಅರ್ಜಿ ಕೊಟ್ಟೆವು. ಕೊಟ್ಟು ಹದಿನಾಲ್ಕು ತಿಂಗಳಾಯಿತು.

ಟಪಾಲಿನಲ್ಲಿ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲು ಒತ್ತಿಸಿಕೊಂಡು ಬಂದಿದ್ದೆ. ಮೂರು ವಾರ ಬಿಟ್ಟು ಹೋದರೆ ಅದು ಕಡತವಾಗಿ ಬೆಳೆದಿತ್ತು. ಒಂದು ಕೀಗೆ ಒಂದು ಕಡತ! ಟಿಪ್ಪಣಿ ಹಾಳೆಯಲ್ಲಿ ವಿಷಯ ನಿರ್ವಾಹಕರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿದ್ದರು: 'ಪರಿಶೀಲಿಸಿದೆ. ಸದರಿ ಸಂಘವು ಕೋರಿರುವ ಬೀಗದ ಕೈ ನೀಡುವ ಕುರಿತು ನಿಯಮಗಳಲ್ಲಿ ಅವಕಾಶವಿರುವ ಬಗ್ಗೆ ಕಾನೂನು ಕೋಶದ ಅಭಿಪ್ರಾಯ ಪಡೆಯಬಹುದೇ? ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.' ಕೆಳಗೆ ಸಾಹೇಬರ ಷರಾ ಒಂದೇ ಪದ: 'ಚರ್ಚಿಸಿ.' ಯಾರು ಯಾರ ಹತ್ತಿರ ಚರ್ಚಿಸಬೇಕು ಅಂತ ಅದರಲ್ಲಿ ಇರಲಿಲ್ಲ. ಹಾಗಾಗಿ ಯಾರೂ ಚರ್ಚಿಸಲಿಲ್ಲ.

"ಮೇಡಂ, ಇಷ್ಟೆಲ್ಲ ತಾಪತ್ರಯ ಯಾಕೆ, ಹೊಸ ಬೀಗ ನಾವೇ ತಂದು ಹಾಕ್ತೀವಿ, ಒಂದು ಕೀ ನಿಮಗೂ ಕೊಡ್ತೀವಿ" ಅಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸರ್ಕಾರಿ ಗೇಟಿಗೆ ಖಾಸಗಿ ಬೀಗ ಹಾಕಿದ್ರೆ ಅದು ಒತ್ತುವರಿ ಆಗುತ್ತೆ ಸರ್."

ಹೌದಲ್ವಾ ಅನ್ನಿಸಿತು. ನಮ್ಮ ಕೆರೆಗೆ ನೀರು ತರುತ್ತಿದ್ದ ರಾಜಕಾಲುವೆಯ ಮೇಲೆ ಮೂರು ಅಂತಸ್ತಿನ ಒಂದು ಮನೆ ಎದ್ದಿದೆ. ಕರೆಂಟ್ ಮೀಟರು ಇದೆ, ನಲ್ಲಿ ಇದೆ, ಮುಂದೆ ತುಳಸಿ ಕಟ್ಟೆಯೂ ಇದೆ. ಅದು ಒತ್ತುವರಿಯೋ ಅಲ್ಲವೋ ಎಂಬುದು ಇನ್ನೂ ಸರ್ವೆ ಹಂತದಲ್ಲಿದೆ. ಬೀಗ ಮಾತ್ರ ನೇರವಾಗಿ ಒತ್ತುವರಿ.

ಇದರ ನಡುವೆ ಒಂದು ರಾತ್ರಿ 9.40ಕ್ಕೆ ಮೊಬೈಲಿಗೆ ಪತ್ರ ಬಂತು. 'ಸ್ವಯಂಸೇವಾ ಸಂಸ್ಥೆಗಳೊಂದಿಗೆ ಬಾಂಧವ್ಯ ವೃದ್ಧಿ ಕುರಿತು ಸಮನ್ವಯ ಸಭೆ.' ಮಾರನೇ ದಿನ ಬೆಳಿಗ್ಗೆ 10.30ಕ್ಕೆ, ತಪ್ಪದೆ ಹಾಜರಾಗತಕ್ಕದ್ದು. ಬಾಂಧವ್ಯಕ್ಕೂ ತಕ್ಕದ್ದು! ಹೋದೆ. ಸಭೆ ಶುರುವಾಗಿದ್ದು ಹನ್ನೆರಡೂಕಾಲಿಗೆ. ಸುಮ್ನೆ ಕೂತಿದ್ದರೆ ನಿದ್ದೆ ಬರುತ್ತದಲ್ಲ, ಅದಕ್ಕೆ ಭಾಷಣಗಳಲ್ಲಿ 'ಸಹಭಾಗಿತ್ವ' ಎಂಬ ಪದ ಎಷ್ಟು ಸಲ ಬರುತ್ತದೆ ಅಂತ ಕೈಲಿದ್ದ ಕಾಗದದ ಮೇಲೆ ಗೀಟು ಹಾಕುತ್ತಾ ಹೋದೆ. ನಲವತ್ತೊಂದಕ್ಕೆ ಪೆನ್ನಿನ ಇಂಕು ಮುಗಿಯಿತು. ಸಾಹೇಬರು ಭಾವುಕರಾಗಿ "ನೀವೇ ನಮ್ಮ ಕಣ್ಣು, ನೀವೇ ನಮ್ಮ ಕಿವಿ" ಅಂದರು. ಚಪ್ಪಾಳೆ ಬಿತ್ತು. ಕಣ್ಣು ಕೊಟ್ಟರು, ಕಿವಿ ಕೊಟ್ಟರು. ಬೀಗದ ಕೈ ಒಂದನ್ನು ಬಿಟ್ಟು.

ಆಮೇಲೆ ಶಾಲು, ಹಾರ, ಒಂದು ಏಲಕ್ಕಿ ಬಾಳೆಹಣ್ಣು ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಬಾಳೆಹಣ್ಣು ತಿನ್ನುತ್ತಾ ಯೋಚಿಸಿದೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡಿದ್ದು ನಮ್ಮ ಅಕ್ಕನ ಮದುವೆಯಲ್ಲಿ. ಇದು ಸಹಭಾಗಿತ್ವ ಅಲ್ಲವೇ ಅಲ್ಲ, ಪಕ್ಕಾ ಹಳೇ ಕಾಲದ ಬೀಗತನ. ಅವರು ಗಂಡಿನ ಕಡೆಯವರು, ನಾವು ಹೆಣ್ಣಿನ ಕಡೆಯವರು. ಖರ್ಚು ನಮ್ಮದು, ಓಡಾಟ ನಮ್ಮದು, ಬಡಿಸುವವರು ನಾವು, ಮೊದಲ ಪಂಕ್ತಿಯಲ್ಲಿ ಕೂರುವವರು ಅವರು. ಕಾಫಿಗೆ ಸಕ್ಕರೆ ಕಮ್ಮಿಯಾದರೆ ಮುನಿಸು, ಬ್ಯಾನರಿನಲ್ಲಿ ಸಾಹೇಬರ ಫೋಟೋ ಚಿಕ್ಕದಾದರೆ ಮುನಿಸು. ಗಂಡಿನವರು ಬೇಕಾದಾಗ ಬರುತ್ತಾರೆ. ನಾವು ಹೋಗಬೇಕಾದರೆ ಮಾತ್ರ ಮೊದಲೇ ಹೇಳಿ, ಒಳ್ಳೆ ದಿನ ನೋಡಿ, ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಬೇಕು.

ಈ ಬೀಗತನಕ್ಕೆ ಲಗ್ನಪತ್ರಿಕೆಯೂ ಉಂಟು. ಒಡಂಬಡಿಕೆ ಅಂತ ಅದರ ಹೆಸರು. ನಮಗೆ ತೋರಿಸಿದ ಕರಡಿನಲ್ಲಿ ಹದಿನೇಳು ಷರತ್ತು ಇದ್ದವು. ಎರಡನೇ ಪಕ್ಷಕಾರರು, ಅಂದರೆ ನಾವು, ಕಸ ತೆಗೆಯತಕ್ಕದ್ದು, ಗಿಡ ನೆಡತಕ್ಕದ್ದು, ಕಾವಲು ಇಡತಕ್ಕದ್ದು, ಲೆಕ್ಕ ಕೊಡತಕ್ಕದ್ದು, ಯಾರಾದರೂ ನೀರಿಗೆ ಬಿದ್ದರೆ ಉತ್ತರಿಸತಕ್ಕದ್ದು. ಮೊದಲನೇ ಪಕ್ಷಕಾರರ ವಿಚಾರ ಎರಡೇ ಕಡೆ ಬರುತ್ತದೆ. ಅವರು ಯಾವಾಗ ಬೇಕಾದರೂ ಪರಿಶೀಲಿಸಬಹುದು, ಯಾವುದೇ ಕಾರಣ ನೀಡದೆ ರದ್ದುಪಡಿಸಬಹುದು. ಛಾಪಾ ಕಾಗದದ ದುಡ್ಡೂ ನಮ್ಮದೇ.

ನೀತಿ ನಿಯಮ ಇಲ್ಲ ಅಂತಲ್ಲ ಕಣ್ರೀ. 2007ರಲ್ಲೇ ಕೇಂದ್ರ ಸಂಪುಟ ಸ್ವಯಂಸೇವಾ ವಲಯಕ್ಕೆ ಅಂತಲೇ ಒಂದು ರಾಷ್ಟ್ರೀಯ ನೀತಿಗೆ ಒಪ್ಪಿಗೆ ಕೊಟ್ಟಿದೆ. ಸರ್ಕಾರ ಮತ್ತು ಸಂಸ್ಥೆಗಳು ಪರಸ್ಪರ ನಂಬಿಕೆ, ಗೌರವ ಇಟ್ಟುಕೊಂಡು ಹೊಣೆ ಹಂಚಿಕೊಂಡು ಕೆಲಸ ಮಾಡಬೇಕು ಅನ್ನುತ್ತದೆ ಅದು. ಹೊಣೆ ಹಂಚಿಕೆಯಂತೂ ಚಾಚೂ ತಪ್ಪದೆ ನಡೆಯುತ್ತಿದೆ. ಕಸ ನಮಗೆ, ಕೀ ಅವರಿಗೆ. ನಂಬಿಕೆಗೆ ಮಾತ್ರ ದಾಖಲೆ ಬೇಕು. 1960ರ ಸಂಘಗಳ ಕಾಯ್ದೆಯ ನೋಂದಣಿ, ಪ್ರತಿವರ್ಷದ ಲೆಕ್ಕಪತ್ರ, ಪ್ಯಾನ್ ಕಾರ್ಡು, ಸ್ವಯಂಸೇವಾ ಸಂಸ್ಥೆಗಳ ಕೇಂದ್ರ ಜಾಲತಾಣ ಕೊಡುವ ದರ್ಪಣ್ ಸಂಖ್ಯೆ, ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ. ಈ ಕೊನೆಯ ಎರಡು ಮೊದಲೆಲ್ಲ ಒಮ್ಮೆ ಸಿಕ್ಕರೆ ಸಿಕ್ಕ ಹಾಗೆ. ಈಗ ಕೆಲವು ವರ್ಷಗಳಿಂದ ಅವನ್ನೂ ಗಡುವು ನೋಡಿಕೊಂಡು ನವೀಕರಿಸುತ್ತಿರಬೇಕು. ಕೆರೆಗೆ ಕಸ ಹಾಕಲು ಯಾವ ದಾಖಲೆಯೂ ಬೇಡ, ತೆಗೆಯುವವನಿಗೆ ಬೇಕು.

ಹೋಗಲಿ, ಬೀಗರ ಮನೆ ಅಂತ ಒಂದಾದರೂ ಇರಬೇಕಲ್ಲ. ಬೆಂಗಳೂರಿನ ಕೆರೆಗಳ ಮಟ್ಟಿಗೆ ಆ ಮನೆಯ ವಿಳಾಸವೇ ಬದಲಾಗುತ್ತಿರುತ್ತದೆ. ಕೆರೆ ಉಳಿಸುವುದು ಹೇಗೆ ಅಂತ ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ವರದಿ ಕೊಟ್ಟಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅದು ಕೆಲವು ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು, ನಾಗವಾರ ಕೆರೆ ಲುಂಬಿನಿ ಗಾರ್ಡನ್ ಆಯಿತು, ಟಿಕೆಟ್ ತೆಗೆದುಕೊಂಡು ಕೆರೆ ನೋಡುವ ಭಾಗ್ಯ ನಮ್ಮದಾಯಿತು. 2014ರಲ್ಲಿ ಹೊಸ ಕಾಯ್ದೆ, ಹೊಸ ಪ್ರಾಧಿಕಾರ. 2018ರಲ್ಲಿ ಅದನ್ನೂ ಮುಚ್ಚಿ ಇನ್ನೊಂದಕ್ಕೆ ಸೇರಿಸಿದರು. ಇಂಗ್ಲಿಷಿನಲ್ಲಿ ಹೆಸರಿನೊಳಗಿನ ಲೇಕ್ ಹೋಗಿ ಟ್ಯಾಂಕ್ ಬಂತು. ಕನ್ನಡದಲ್ಲಿ ಅದೂ ಕೆರೆ, ಇದೂ ಕೆರೆ. ಹಾಗಾಗಿ ಕನ್ನಡ ಮಾತ್ರ ಬಲ್ಲವರಿಗೆ ಆ ಬದಲಾವಣೆ ಗೊತ್ತೇ ಆಗಲಿಲ್ಲ, ಕೆರೆಗಳಿಗೂ ಗೊತ್ತಾಗಲಿಲ್ಲ. 2020ರಲ್ಲಿ ಖಾಸಗಿಯವರ ಜತೆ ಕೆರೆ ಒಪ್ಪಂದ ಬೇಡ ಅಂತ ಹೈಕೋರ್ಟು ತಡೆಯಿತು. ಟಿಕೆಟ್ ತೆಗೆದು ಕೆರೆ ನೋಡಿದ ನನ್ನಂಥವನಿಗೆ ಅದು ನ್ಯಾಯವಾದ ಆತಂಕವೇ ಅನ್ನಿಸುತ್ತದೆ. ಆದರೆ ಕೋಟಿ ಕೋಟಿಯ ಕಂಪನಿಗೂ ಕುಡುಗೋಲು ಹಿಡಿದ ನಮ್ಮ ಗುಂಪಿಗೂ ಇರುವ ವ್ಯತ್ಯಾಸವನ್ನು ಕಚೇರಿಯ ಮೇಜಿನ ಮೇಲೆ ಹುಡುಕುವುದು ಕಷ್ಟ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ಐದು ಮನೆ, ಐದು ಅತ್ತೆ.

ಹೀಗಾಗಿ ನಾವು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಪರಿಚಯ ಹೇಳಿಕೊಳ್ಳುತ್ತೇವೆ. ನಡುವೆ ಒಬ್ಬರು ಒಳ್ಳೆ ಇಂಜಿನಿಯರು ಬಂದಿದ್ದರು. ಫೋನ್ ಎತ್ತುತ್ತಿದ್ದರು! ಭಾನುವಾರ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದು ಕೋಡಿಯಲ್ಲಿ ಸಿಕ್ಕಿಕೊಂಡಿದ್ದ ಹಾಸಿಗೆಯೊಂದನ್ನು ನಮ್ಮ ಜತೆ ಎಳೆದಿದ್ದರು. ಒಳಚರಂಡಿ ನೀರು ಕೆರೆಗೆ ನುಗ್ಗಿದಾಗ ಇದು ನಮ್ಮದಲ್ಲ ಜಲಮಂಡಳಿಯದು, ಮೀನು ಸತ್ತಾಗ ಅದು ಮೀನುಗಾರಿಕೆಯವರದು, ನೊರೆ ಬಂದಾಗ ಮಾಲಿನ್ಯ ಮಂಡಳಿಯದು ಅಂತ ಎಲ್ಲರೂ ಕೈತೊಳೆಯುವ ಜಾಗದಲ್ಲಿ ಆ ಮನುಷ್ಯ ಮೂರು ಕಡೆಗೂ ತಾನೇ ಫೋನ್ ಮಾಡುತ್ತಿದ್ದರು. ಎಂಟನೇ ತಿಂಗಳಿಗೆ ಎತ್ತಂಗಡಿ. ಮುಂದಿನವರು ಬಂದವರೇ ಕೇಳಿದ್ದು, "ಸಂಘದವರು ಅಂದ್ರೆ ಯಾರು? ಟೆಂಡರ್ ಆಗಿದೆಯಾ?"

ಎಲ್ಲ ಕಡೆ ಹೀಗೇ ಅನ್ನಲಾರೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ 2011ರಲ್ಲೇ ಅಕ್ಕಪಕ್ಕದ ಮನೆಯವರ ಟ್ರಸ್ಟಿಗೂ ಪಾಲಿಕೆಗೂ ಒಪ್ಪಂದವಾಗಿ, ಒಣಗಿದ್ದ ಕೆರೆಗೆ ಮತ್ತೆ ನೀರು ಬಂತು, ಹಕ್ಕಿ ಬಂತು. ನಾನೂ ಹೋಗಿ ನೋಡಿ ಬಂದಿದ್ದೇನೆ. ಹೊಟ್ಟೆ ಉರಿಯಿತು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬನಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಎಲ್ಲ ಅವನ ಕೈಯಲ್ಲಿ. ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಅವನಿಗೆ. ನೀರು ತಪ್ಪಿಸಿದರೆ ಊರಿನವರ ಬೈಗುಳವೂ ಅವನಿಗೇ. ತೂಬನ್ನೇ ಬಿಟ್ಟುಕೊಟ್ಟಿದ್ದ ಊರು ಅದು. ನಾವು ಕೇಳಿದ್ದು ಗೇಟಿನ ಕೀ.

ನಾವೂ ಏನು ಸಾಚಾಗಳಲ್ಲ ಬಿಡಿ. ಕಸಕ್ಕಿಂತ ದೊಡ್ಡ ಬ್ಯಾನರು ನಮ್ಮದು. ಹಕ್ಕಿ ಪ್ರಿಯರಿಗೆ ದಡದಲ್ಲಿ ದೀಪ ಬೇಡ, ವಾಕಿಂಗ್ ಪ್ರಿಯರಿಗೆ ದೀಪ ಬೇಕು, ಇದೇ ಜಗಳದಲ್ಲಿ ಒಂದು ಸಂಘ ಎರಡಾಗಿ, ಈಗ ಎರಡೂ ಬಣ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತವೆ. ವರ್ಷಕ್ಕೊಮ್ಮೆ ಯಾವುದಾದರೂ ಕಂಪನಿಯವರು ಸಿಎಸ್ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆ ಅಂತ ಬಸ್ಸು ತುಂಬಿಕೊಂಡು ಬರುತ್ತಾರೆ. ಒಂದೇ ಬಣ್ಣದ ಟೀ ಶರ್ಟು, ನಲವತ್ತು ಸಸಿ, ಎರಡು ಗಂಟೆ ಕಾಲಾವಕಾಶ. ಗುಂಡಿ ನಾವು ಮೊದಲೇ ತೋಡಿಟ್ಟಿರುತ್ತೇವೆ. ಮುಖ್ಯ ಗೇಟಿನ ಎಡಕ್ಕಿರುವ ಮೂರನೇ ಗುಂಡಿಗೆ ಈ ಸಲದ್ದು ನಾಲ್ಕನೇ ಹೊಂಗೆ. ಫೋಟೋದಲ್ಲಿ ಚೆನ್ನಾಗಿ ಬೆಳಕು ಬೀಳುವ ಗುಂಡಿ ಅದು, ಮುಚ್ಚಲು ಮನಸ್ಸಾಗುವುದಿಲ್ಲ.

ಇರಲಿ, ಕೀ ಕಥೆಗೆ ಬರುತ್ತೇನೆ. ಸಮನ್ವಯ ಸಭೆಯ ತೀರ್ಮಾನದಂತೆ ಒಂದು ಶನಿವಾರ ಬೆಳಿಗ್ಗೆ ಜಂಟಿ ಪರಿಶೀಲನೆ ನಿಗದಿಯಾಯಿತು. ಮೂರು ವಾಹನ ಬಂದವು. ಸಾಹೇಬರು ಇಳಿದು ಗೇಟಿನ ಮುಂದೆ ನಿಂತರು. ನಾವು ಶಾಲು, ಹಾರ, ಎಳನೀರು ಹಿಡಿದು ನಿಂತಿದ್ದೆವು.

"ತೆಗೀರಿ" ಅಂದರು ಸಾಹೇಬರು, ನಮ್ಮನ್ನು ನೋಡಿ.

"ಏನ್ ಸರ್?"

"ಗೇಟು. ಕೀ ನಿಮ್ಮ ಹತ್ರ ಇಲ್ವಾ? ಸಂಘದವರು ಅಂದ್ರಲ್ಲ?"

ನಾನು ಇಂಜಿನಿಯರ ಕಡೆ ನೋಡಿದೆ. ಇಂಜಿನಿಯರು ತೋಟಗಾರಿಕೆಯವರ ಕಡೆ ನೋಡಿದರು. ತೋಟಗಾರಿಕೆಯವರು ಗುತ್ತಿಗೆದಾರರ ಕಡೆಯ ಹುಡುಗನನ್ನು ನೋಡಿದರು. ಆ ಹುಡುಗ ಹೇಳಿದ. ಕಾವಲಿನ ಟೆಂಡರು ಮುಗಿದ ದಿನ ವಾಚ್‌ಮನ್ ತಾತ ಕೀ ಗೊಂಚಲು ಸೊಂಟದಲ್ಲೇ ಇಟ್ಟುಕೊಂಡು ಊರಿಗೆ ಹೋಗಿದ್ದಾರೆ. ಯಾವ ಊರು? ಗೊತ್ತಿಲ್ಲ. ಯಾವಾಗ? ಎರಡು ವರ್ಷ ಆಯಿತು.

ಎರಡು ವರ್ಷ! ಹದಿನಾಲ್ಕು ತಿಂಗಳಿನಿಂದ ಆ ಕಚೇರಿ ಕೊಡಬಹುದೋ ಕೊಡಬಾರದೋ ಅಂತ ಕಡತ ತಿರುವಿ ಹಾಕುತ್ತಿದ್ದದ್ದು ತನ್ನ ಹತ್ತಿರ ಇಲ್ಲದ ಕೀಯನ್ನು.

ಯಾರೂ ಮಾತಾಡಲಿಲ್ಲ. ಆಗ ನಮ್ಮ ಮೇಷ್ಟ್ರು ಮೆಲ್ಲಗೆ "ಸರ್, ಈ ಕಡೆ ಬನ್ನಿ" ಅಂದು ದಾರಿ ತೋರಿಸಿದರು. ಸಾಹೇಬರು ತಲೆ ಬಗ್ಗಿಸಿ ಕಂಡಿಯಲ್ಲಿ ನುಸುಳಿದರು. ಹಿಂದೆ ಇಂಜಿನಿಯರು, ಅವರ ಹಿಂದೆ ತೋಟಗಾರಿಕೆ, ಆಮೇಲೆ ಶಾಲು, ಹಾರ, ಎಳನೀರು. ಅಲ್ಲಿ ದಿನಾ ಮಲಗುವ ನಾಯಿ ಎದ್ದು ಜಾಗ ಬಿಟ್ಟಿತು. ಒಳಗೆ ಹೋದ ಮೇಲೆ ಎಲ್ಲರೂ ಒಟ್ಟಿಗೆ ನಿಂತು ಒಂದು ಫೋಟೋ ತೆಗೆಸಿಕೊಂಡೆವು. ನಿಜ ಹೇಳಬೇಕೆಂದರೆ ಅವತ್ತು ಬಾಂಧವ್ಯ ಸ್ವಲ್ಪ ವೃದ್ಧಿಯಾದಂತೆಯೇ ಅನ್ನಿಸಿತ್ತು.

ಹನ್ನೊಂದನೇ ದಿನ ಸಂಘದ ವಿಳಾಸಕ್ಕೆ ನೋಟಿಸು ಬಂತು. 'ಜಂಟಿ ಪರಿಶೀಲನೆ ವೇಳೆ ಕೆರೆಯ ತಂತಿ ಬೇಲಿಯನ್ನು ಹಾನಿಪಡಿಸಿ ಅನಧಿಕೃತ ದಾರಿ ಮಾಡಿಕೊಂಡಿರುವುದು ಕಂಡುಬಂದಿರುತ್ತದೆ. ಈ ಬಗ್ಗೆ 7 ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.' ಜತೆಗೆ ಪುರಾವೆ ಅಂತ ನಮ್ಮದೇ ಆ ಫೋಟೋ ಲಗತ್ತಿಸಿದ್ದಾರೆ. ಸಾಹೇಬರನ್ನು ಕತ್ತರಿಸಿ ತೆಗೆದಿದ್ದಾರೆ. ಕಂಡಿ ಇದೆ, ಮೇಷ್ಟ್ರು ಇದ್ದಾರೆ, ಎಳನೀರು ಹಿಡಿದ ನಾನು ಇದ್ದೇನೆ.

ಉತ್ತರ ಬರೆದು ಮೂರು ಪ್ರತಿ ಮಾಡಿಸಿ ನಿನ್ನೆಯೇ ಒಯ್ದಿದ್ದೆ. ಟಪಾಲಿನ ಕೋಣೆಗೆ ಬೀಗ ಹಾಕಿತ್ತು. ಆ ಕೀ ಇರುವ ಅಮ್ಮ ರಜೆಯಂತೆ, ಸೋಮವಾರ ಬರುತ್ತಾರಂತೆ.