ಎಳೆದಷ್ಟೂ ಹಿಗ್ಗುವ ಜನ

ಹೈಸ್ಕೂಲು ವಿಜ್ಞಾನದಲ್ಲಿ 'ಸ್ಥಿತಿಸ್ಥಾಪಕತ್ವ' ಅಂತ ಒಂದು ಪದ ಇತ್ತು, ನೆನಪಿದೆಯಾ? ರಬ್ಬರ್ ಬ್ಯಾಂಡ್ ಎಳೆದು ಬಿಟ್ಟರೆ ಮತ್ತೆ ಮೊದಲಿನ ಹಾಗೇ ಆಗುವ ಗುಣ. ಆ ಪದಕ್ಕೀಗ ಬಡ್ತಿ ಸಿಕ್ಕಿದೆ. ಬರ, ನೆರೆ, ಬಿರುಗಾಳಿ ಒಂದರ ಹಿಂದೆ ಒಂದು ಬಂದು ಹೋದ ಮೇಲೆ ಹಳ್ಳಿಯವರಲ್ಲಿ ಇರಬೇಕಾದ ಗುಣವೂ ಅದೇ ಅಂತೆ. ಎಳೆಯುತ್ತಿರುವವರು ಯಾರು ಅಂತ ಮಾತ್ರ ಕೇಳಬಾರದು. ರಬ್ಬರ್ ಎಲ್ಲಾದರೂ ಪ್ರಶ್ನೆ ಕೇಳುತ್ತದಾ?

ಈ ಗುಣದ ಬಗ್ಗೆಯೇ ನಡೆದ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಎಸಿ ಎಷ್ಟು ಜೋರಾಗಿತ್ತೆಂದರೆ, ಭಾಷಣಕಾರರು ಕೋಟಿನ ಗುಂಡಿ ಹಾಕಿಕೊಂಡೇ ಭೂಮಿಯ ಬಿಸಿ ಏರುವುದನ್ನು ವಿವರಿಸಿದರು. ಪರದೆಯ ಮೇಲೆ ಬರೀ ವೃತ್ತ, ಬಾಣ. ನಡುವಿನ ವೃತ್ತದಲ್ಲಿ 'ಸಮುದಾಯ' ಅಂತ ಬರೆದಿತ್ತು. ಎಲ್ಲಾ ಬಾಣಗಳೂ ಬಂದು ಅದಕ್ಕೇ ನಾಟಿದ್ದವು.

ಕೊನೆಯ ಸಾಲಿನಲ್ಲಿ ಒಬ್ಬ ಹಿರಿಯ ರೈತರನ್ನು ಕೂರಿಸಿದ್ದರು. ಕೊರಳಲ್ಲಿ ಬ್ಯಾಡ್ಜು, ಬ್ಯಾಡ್ಜಿನಲ್ಲಿ ಹೆಸರಿನ ಬದಲು 'ಫಲಾನುಭವಿ'. ಫಲ ಇನ್ನೂ ಬಂದಿರಲಿಲ್ಲ, ಅನುಭವ ಮಾತ್ರ ಬೇಕಾದಷ್ಟಿತ್ತು. ಒಬ್ಬ ಹುಡುಗ ಅವರ ಕೈಗೆ ಫಾರಂ ಕೊಟ್ಟ. 'ವಿಪತ್ತಿನಿಂದ ಚೇತರಿಸಿಕೊಳ್ಳುವ ನಿಮ್ಮ ಸಾಮರ್ಥ್ಯವನ್ನು 1ರಿಂದ 5ರೊಳಗೆ ಗುರುತಿಸಿ.'

"ನೆರೆಗೆ ಎರಡು ದನ ಹೋದವು ಸರ್. ಅದಕ್ಕೆ ಎಷ್ಟು ಹಾಕಲಿ?"

"3 ಹಾಕಿಬಿಡಿ ಯಜಮಾನ್ರೇ. ಎಲ್ಲರೂ ಅದನ್ನೇ ಹಾಕ್ತಾರೆ."

ವೇದಿಕೆ ಮೇಲೆ ಆಗ ಚೌಕಟ್ಟುಗಳ ಮಾತು ನಡೆದಿತ್ತು. ಚೌಕಟ್ಟು ಅಂದರೆ ದೇಶಗಳೆಲ್ಲ ಸೇರಿ ಒಪ್ಪಿಕೊಂಡ ಯೋಜನೆ. ವಿಪತ್ತಿನ ಅಪಾಯ ತಗ್ಗಿಸಲು 2005ರಲ್ಲಿ ಹ್ಯೋಗೊ ಚೌಕಟ್ಟು ಮಾಡಿದರು. ಅದರ ಹತ್ತು ವರ್ಷ ಮುಗಿಯಿತು. 2015ರಲ್ಲಿ ಸೆಂಡೈ ಚೌಕಟ್ಟು ಬಂತು, 2030ರ ತನಕ. ಚೌಕಟ್ಟಿನ ಮೇಲೆ ಚೌಕಟ್ಟು ಬಂತು, ಬಾಗಿಲು ಇನ್ನೂ ಬರಬೇಕು.

ದುಡ್ಡಿನ ಕಥೆ ಇನ್ನೂ ಸೊಗಸು. ಹವಾಮಾನ ಬದಲಾವಣೆ ಎದುರಿಸಲು ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಹೊಂದಿಸಿ ಕೊಡ್ತೀವಿ ಅಂತ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟವು. ಅವರದೇ ಲೆಕ್ಕದ ಪ್ರಕಾರ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಸರ್ಕಾರಗಳ ಕಡೆಯಿಂದ ಬಂದದ್ದರಲ್ಲಿ ಸಾಲವೇ ಜಾಸ್ತಿ. ಮನೆಗೆ ಬೆಂಕಿ ಬಿದ್ದವನಿಗೆ ಬಕೆಟ್ಟನ್ನು ಬಡ್ಡಿಗೆ ಕೊಟ್ಟ ಹಾಗೆ, ಅಲ್ವಾ?

ಹಾಗಂತ ದಾರಿಯೇ ಗೊತ್ತಿಲ್ಲ ಅಂತಲ್ಲ. 1970ರ ಚಂಡಮಾರುತದಲ್ಲಿ ಈಗಿನ ಬಾಂಗ್ಲಾದೇಶದ ಕರಾವಳಿಯಲ್ಲಿ ಸತ್ತವರು ಕಡಿಮೆ ಅಂದರೂ 3 ಲಕ್ಷ. ಆಮೇಲೆ ಅಲ್ಲಿ ಊರೂರಲ್ಲಿ ಸ್ವಯಂಸೇವಕರನ್ನು ಸೇರಿಸಿದರು. ಕೈಗೆ ಮೆಗಾಫೋನು, ಬಾವುಟ, ಕೈಯಿಂದ ತಿರುಗಿಸುವ ಸೈರನ್ನು ಕೊಟ್ಟರು. ಕಂಬಗಳ ಮೇಲೆ ಆಸರೆ ಕಟ್ಟಡ ಕಟ್ಟಿದರು. 2007ರ ಸಿಡ್ರ್ ಭಾರೀ ಚಂಡಮಾರುತವೇ ಆಗಿದ್ದರೂ ಸಾವು ಸುಮಾರು 3,400ಕ್ಕೆ ನಿಂತಿತು. ಅದೂ ಕಡಿಮೆಯೇನಲ್ಲ, ಆದರೆ ಮೂರು ಲಕ್ಷದ ಮುಂದೆ ಇಟ್ಟು ನೋಡಿ.

ಅಲ್ಲೊಂದು ಸಣ್ಣ ಸಂಗತಿ ಇದೆ. ಎಚ್ಚರಿಕೆ ಕೊಟ್ಟರೂ ಎಷ್ಟೋ ಜನ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಯಾಕೆ? ಕೊಟ್ಟಿಗೆಯಲ್ಲಿ ದನ ಇತ್ತು. ಅದನ್ನು ಬಿಟ್ಟು ಬದುಕಿ ಬಂದರೂ ನಾಳೆಯ ಜೀವನ ಹೇಗೆ? ಅದಕ್ಕೇ ದನಗಳಿಗೂ ಎತ್ತರದ ಮಣ್ಣು ದಿಬ್ಬ ಮಾಡಿದರು. 'ಕಿಲ್ಲಾ' ಅಂತಾರೆ ಅದನ್ನು. ಬರೀ ಮಣ್ಣು. ಪವರ್‌ಪಾಯಿಂಟಿನಲ್ಲಿ ಹಾಕಿದರೆ ಒಂಚೂರೂ ಕಳೆಗಟ್ಟುವುದಿಲ್ಲ.

ನಮ್ಮ ಫಲಾನುಭವಿ ಯಜಮಾನರಿಗೆ ಬಾಂಗ್ಲಾದೇಶದ ಸುದ್ದಿ ಗೊತ್ತಿರಲಿಲ್ಲ. ಆದರೂ ಫಾರಂನ ಕೊನೆಗೆ, 'ಇತರೆ' ಅನ್ನುವ ಜಾಗದಲ್ಲಿ, ನಿಧಾನವಾಗಿ ಅಕ್ಷರ ಕೂಡಿಸಿ ಬರೆದರು: 'ದನ ಕಟ್ಟಲು ಎತ್ತರದ ಜಾಗ ಬೇಕು.'

ಎರಡು ತಿಂಗಳ ಮೇಲೆ ವರದಿ ಬಂತು. ಹೊಳಪು ಕಾಗದ, ರಕ್ಷಾಪುಟದಲ್ಲಿ ಯಜಮಾನರದೇ ಫೋಟೋ. ಸಮುದಾಯದ ಸ್ಥಿತಿಸ್ಥಾಪಕತ್ವ 5ಕ್ಕೆ 3.1, ತೃಪ್ತಿಕರ. 'ಇತರೆ' ಎಲ್ಲಿ ಹೋಯಿತು ಅಂತ ಆ ಹುಡುಗನನ್ನು ಕೇಳಿದೆ.

"ಅದು ಅಕ್ಷರದಲ್ಲಿತ್ತು ಸರ್. ಸಾಫ್ಟ್‌ವೇರ್ ನಂಬರ್ ಮಾತ್ರ ತಗೊಳ್ಳುತ್ತೆ."